ಪುಟದ ಕೆಳಗಿನ ಎರಡಂಗುಲ

ಮಾಸಪತ್ರಿಕೆಯನ್ನು ಕೊನೆಯ ಪುಟದಿಂದ ತಿರುವಿಹಾಕುವ ಓದುಗರ ವಂಶ ಕನ್ನಡದಲ್ಲಿ ದೊಡ್ಡದು. ಮೊದಲು ನಗೆಹನಿ, ಅದರ ಬೆನ್ನಿಗೆ ವ್ಯಂಗ್ಯಚಿತ್ರ, ಎಲ್ಲೋ ಎರಡು ತಲೆಯ ಕರು ಹುಟ್ಟಿದ ಸುದ್ದಿ, ಅರಸರ ಕಾಲದ ಒಂದು ಸಣ್ಣ ಸಂಗತಿ, ಕ್ಯಾಮೆರಾ ಹಿಡಿಯುವವರಿಗೆ ಒಂದೆರಡು ಕಿವಿಮಾತು. ಇಷ್ಟು ಮುಗಿದ ಮೇಲೆ ಕಥೆ, ಧಾರಾವಾಹಿ, ಗಂಭೀರ ಲೇಖನ. ಸಾಹಿತ್ಯ ಚರಿತ್ರೆ ಬರೆದವರು ಈ ಕ್ರಮವನ್ನು ತಿರುವುಮುರುವು ಮಾಡಿ ಕಥೆ ಕಾದಂಬರಿಗಳಿಗೆ ಅಧ್ಯಾಯಗಳನ್ನೇ ಬಿಟ್ಟುಕೊಟ್ಟರು. ಪುಟದ ಕೆಳಗಿನ ಎರಡಂಗುಲವನ್ನು ಲೆಕ್ಕಕ್ಕೇ ಹಿಡಿಯಲಿಲ್ಲ. ಆ ಎರಡಂಗುಲಕ್ಕೂ ಒಂದು ಚರಿತ್ರೆಯಿದೆ. ಅದನ್ನು ಬೆಳೆಸಿದ್ದು ಬರಹಗಾರರ ಪ್ರತಿಭೆಗಿಂತ ಹೆಚ್ಚಾಗಿ ಅಚ್ಚುಮೊಳೆ, ಕಾಗದದ ಬೆಲೆ ಮತ್ತು ಕತ್ತರಿ ಹಿಡಿದ ಸಂಪಾದಕ ಎಂದು ನಾನು ತಿಳಿದಿದ್ದೇನೆ.

ವಿಚಿತ್ರ ಸುದ್ದಿ ಪತ್ರಿಕೆಗಳಿಗೆ ಈಚೆಗೆ ಅಂಟಿದ ಚಟ ಎಂದು ಮೂಗು ಮುರಿಯುವವರು 'ಮಂಗಳೂರ ಸಮಾಚಾರ'ವನ್ನು ಒಮ್ಮೆ ನೋಡಬೇಕು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ 1843ರ ಜುಲೈ 1ರಂದು ಕಲ್ಲಚ್ಚಿನಲ್ಲಿ ಹೊರಡಿಸಿದ ಈ ಪಾಕ್ಷಿಕ ಕನ್ನಡದ ಮೊದಲ ಪತ್ರಿಕೆ. ಊರ ವರ್ತಮಾನ, ಸರ್ಕಾರದ ನಿರೂಪ, ಪರರಾಜ್ಯಗಳ ಸುದ್ದಿಯ ಜತೆಗೆ ಆಶ್ಚರ್ಯದ ಸುದ್ದಿಗಳಿಗೂ ಬುದ್ಧಿಮಾತು, ಕಥೆಗಳಿಗೂ ಅದರಲ್ಲಿ ಜಾಗವಿತ್ತು. ಮರುವರ್ಷ ಪತ್ರಿಕೆ ಬಳ್ಳಾರಿಗೆ ಹೋಗಿ ಹೆಸರು ಬದಲಿಸಿಕೊಂಡಿತು. ಆದರೆ ಸರ್ಕಾರಿ ಆಜ್ಞೆಯೂ ಅಚ್ಚರಿಯ ಕಥೆಯೂ ಒಂದೇ ಹಾಳೆಯಲ್ಲಿ ಅಕ್ಕಪಕ್ಕ ಕೂರುವ ಪದ್ಧತಿ ಕನ್ನಡ ಪತ್ರಿಕೋದ್ಯಮದ ಜಾತಕದಲ್ಲೇ ಬರೆದುಹೋಗಿತ್ತು.

ಆಮೇಲೆ ಬಂದದ್ದು ಮೊಳೆ ಜೋಡಿಸುವ ಕಾಲ. ಕಂಪೋಸಿಟರು ಒಂದೊಂದೇ ಅಕ್ಷರ ಹೆಕ್ಕಿ, ಒತ್ತಕ್ಷರವನ್ನು ಅದರ ಕಾಲಬುಡಕ್ಕೆ ಹೊಂದಿಸಿ ಸಾಲು ಕಟ್ಟುತ್ತಿದ್ದರು. ಲೇಖನ ಪುಟದ ಮುಕ್ಕಾಲಿಗೇ ಮುಗಿದರೆ ಅದನ್ನು ಹಿಗ್ಗಿಸುವುದು ಸುಲಭವಿರಲಿಲ್ಲ. ಸಾಲುಗಳ ನಡುವೆ ಸೀಸದ ಪಟ್ಟಿ ತುರುಕಿ ಒಂದಿಷ್ಟು ಎಳೆಯಬಹುದಿತ್ತು, ಅಷ್ಟೇ. ಖಾಲಿ ಬಿಟ್ಟರೆ ಕಾಗದ ದಂಡ, ನೋಡಲೂ ಬೋಳು. ಅದಕ್ಕೇ ನಾಲ್ಕು ಸಾಲಿನದೊಂದು, ಎಂಟು ಸಾಲಿನದೊಂದು, ಹದಿನೈದು ಸಾಲಿನದೊಂದು ಎಂದು ಬೇರೆ ಬೇರೆ ಅಳತೆಯ ಚೂರುಗಳನ್ನು ಮೊದಲೇ ಜೋಡಿಸಿ ಇಟ್ಟುಕೊಳ್ಳುತ್ತಿದ್ದರು. ಪತ್ರಿಕಾ ಕಚೇರಿಯ ಮಾತಿನಲ್ಲಿ ಅದು 'ಫಿಲ್ಲರ್'. ಪುಟ ಕಟ್ಟುವವನು ಕೇಳುತ್ತಿದ್ದದ್ದು ಎಷ್ಟು ಸಾಲು ಎಂದೇ ಹೊರತು ಯಾವ ವಿಷಯ ಎಂದಲ್ಲ. ಚುನಾವಣೆಯ ಲೇಖನದ ಕೆಳಗೆ ಅಳಿಯ ಮಾವನ ಜೋಕು, ಶ್ರಾದ್ಧದ ಕಥೆಯ ಕೆಳಗೆ ಆಮೆಯ ಆಯುಷ್ಯ ಬಂದು ಕೂತದ್ದು ಹೀಗೆ. ಆ ಅಸಂಗತ ನೆರೆಹೊರೆಯಿಂದಲೇ ಎಷ್ಟೋ ಸಲ ಒಳ್ಳೆಯ ನಗು ಹುಟ್ಟಿದೆ.

ಚಿತ್ರದ ಲೆಕ್ಕಾಚಾರವೂ ಇದೇ ಬಗೆಯದು. ಗೆರೆಚಿತ್ರದ ಬ್ಲಾಕ್ ಅಗ್ಗ, ಒರಟು ಕಾಗದದ ಮೇಲೂ ಚೊಕ್ಕವಾಗಿ ಮೂಡುತ್ತದೆ. ಫೋಟೋಗೆ ಚುಕ್ಕಿಚುಕ್ಕಿಯ ಹಾಫ್‌ಟೋನ್ ಬ್ಲಾಕ್ ಬೇಕು. ಸಾಮಾನ್ಯ ಕಾಗದದಲ್ಲಿ ಶಾಯಿ ಹರಡಿ ಮುಖವೆಲ್ಲ ಮಸಿ. ಕನ್ನಡದಲ್ಲಿ ನಗೆಚಿತ್ರ ಮೊದಲು ಬೆಳೆದು ಫೋಟೋ ತಡವಾಗಿ ಬೆಳೆದದ್ದಕ್ಕೆ ರಸಿಕತೆಯ ಕಾರಣ ಹುಡುಕಬೇಕಿಲ್ಲ.

ಈ ಮಿಕ್ಕ ಜಾಗದ ಸರಕನ್ನೇ ಇಡೀ ಪತ್ರಿಕೆಯಾಗಿಸಿದ ಧೈರ್ಯ ಡಾ. ಎಂ. ಶಿವರಾಂ ಅವರದು. ಬೆಂಗಳೂರಿನ ವೈದ್ಯರು, 'ರಾಶಿ' ಎಂಬ ಹೆಸರಿನಲ್ಲಿ ಬರೆಯುತ್ತಿದ್ದವರು. ಎರಡನೆಯ ಮಹಾಯುದ್ಧದ ನಟ್ಟನಡುವೆ, 1942ರಲ್ಲಿ 'ಕೊರವಂಜಿ' ಶುರುಮಾಡಿದರು. ಅದು ಇಪ್ಪತ್ತೈದು ವರ್ಷ ನಡೆದು 1967ರಲ್ಲಿ ನಿಂತಿತು. ಬುಟ್ಟಿ ಹೊತ್ತು ಕಣಿ ಹೇಳುವವಳ ಹೆಸರು ಹಾಸ್ಯಪತ್ರಿಕೆಗೆ ಚೆನ್ನಾಗಿ ಒಪ್ಪಿತು: ಎದುರಿಗಿರುವವನ ಮುಖ ನೋಡಿಯೇ ಅವನ ಮನೆಯ ಗುಟ್ಟು ಹೇಳುವ ಜಾಣ್ಮೆ ಅವಳದು. ಮೈಸೂರಿನಲ್ಲಿ ಇನ್ನೂ ಓದುತ್ತಿದ್ದ ಆರ್. ಕೆ. ಲಕ್ಷ್ಮಣ್ ಅದಕ್ಕೆ ಚಿತ್ರ ಬರೆದರು. ಮುಂದೆ ಮುಂಬಯಿಯ ದೈನಿಕದಲ್ಲಿ ಚೌಕಳಿ ಕೋಟಿನ ಸಾಮಾನ್ಯ ಮನುಷ್ಯನಿಗೆ ಜನ್ಮ ಕೊಟ್ಟ ಕೈ ಪಳಗಿದ್ದು ಇಂಥ ಪುಟಗಳಲ್ಲಿ. ಟಿ. ಸುನಂದಮ್ಮ ಮಧ್ಯಮವರ್ಗದ ಮನೆಯ ಒಳಕೋಣೆಯಿಂದ ಹಾಸ್ಯ ತೆಗೆದರು. ಅಲ್ಲಿಯವರೆಗೆ ಕನ್ನಡದ ಜೋಕಿನಲ್ಲಿ ಹೆಂಡತಿ ನಗೆಗೆ ಗುರಿಯಾಗುವವಳು, ನಗಿಸುವವಳಲ್ಲ. ಇನ್ನು ನಾ. ಕಸ್ತೂರಿ. ಮನೆಮಾತು ಮಲಯಾಳ, ಹುಟ್ಟಿದ್ದು ಕೇರಳದಲ್ಲಿ, ಮೈಸೂರಿಗೆ ಬಂದು ಇತಿಹಾಸ ಪಾಠ ಹೇಳುತ್ತ ಕನ್ನಡ ಕಲಿತವರು. ಆಮೇಲೆ ಕನ್ನಡ ಪದಗಳಿಗೆ ತಲೆಕೆಳಗಾದ ಅರ್ಥ ಕೊಡುವ 'ಅನರ್ಥಕೋಶ'ವನ್ನೇ ಬರೆದರು. ಹುಟ್ಟು ಕನ್ನಡಿಗರಿಗೆ ಸವೆದು ಕಾಣದಾದ ಮಾತಿನ ಅಂಚು ಹೊರಗಿನಿಂದ ಬಂದವರಿಗೆ ಕಂಡಿತೆನ್ನಬೇಕು.

ರಾಶಿಯವರಿಗೆ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1976ರಲ್ಲಿ, 'ಮನಮಂಥನ' ಎಂಬ ಮನೋವೈದ್ಯಕೀಯ ಪುಸ್ತಕಕ್ಕೆ. ಕಾಲು ಶತಮಾನ ನಗಿಸಿದ್ದಕ್ಕಲ್ಲ! 'ಕೊರವಂಜಿ'ಯ ಬಳಗ 1983ರಲ್ಲಿ 'ಅಪರಂಜಿ'ಯಾಗಿ ಮತ್ತೆ ಕೂಡಿತು.

'ಕೊರವಂಜಿ' ನಗೆಯ ಅಂಗಡಿ ತೆರೆದರೆ, ಮಾಹಿತಿಯ ಅಂಗಡಿ ತೆರೆದದ್ದು ಹುಬ್ಬಳ್ಳಿಯ 'ಕಸ್ತೂರಿ'. ಲೋಕಶಿಕ್ಷಣ ಟ್ರಸ್ಟ್ 1956ರಲ್ಲಿ ಆರಂಭಿಸಿದ ಈ ಮಾಸಿಕಕ್ಕೆ ರೀಡರ್ಸ್ ಡೈಜೆಸ್ಟ್ ಮಾದರಿ. ಆದರೆ ಅದಕ್ಕೆ ಕನ್ನಡದ ಉಸಿರು ಕೊಟ್ಟವರು ಉಡುಪಿ ಕಡೆಯ ಪಾ. ವೆಂ. ಆಚಾರ್ಯರು. 'ಪದಾರ್ಥ ಚಿಂತಾಮಣಿ'ಯಲ್ಲಿ ಪದಗಳ ಬೇರು ಕೆದಕುತ್ತಿದ್ದವರೇ 'ಲಾಂಗೂಲಾಚಾರ್ಯ'ನಾಗಿ ಬಾಲ ಅಲ್ಲಾಡಿಸುತ್ತಿದ್ದರು. ಪಾಂಡಿತ್ಯ ಮತ್ತು ಕೋತಿಚೇಷ್ಟೆ ಒಬ್ಬನಲ್ಲೇ ಇರುವುದು ಇಂಥ ಪತ್ರಿಕೆಗೆ ಬೇಕಾದ ಮುಖ್ಯ ಅರ್ಹತೆ. ತಿಮಿಂಗಿಲದ ಹೃದಯ, ವಿಜಯನಗರದ ನಾಣ್ಯ, ವಿದೇಶಿ ನ್ಯಾಯಾಲಯದ ವಿನೋದ: ಯಾವುದೇ ಇರಲಿ, ಹತ್ತು ಸಾಲಿನಲ್ಲಿ ಹೇಳಬೇಕಾದರೆ ನೂರು ಸಾಲು ಓದಿರಬೇಕು. ಹಾಗೆ ಓದಿದವರು ಮೇಜಿನ ಆಚೆ ಕೂತಿದ್ದರಿಂದ 'ಕಸ್ತೂರಿ'ಯ ಚೂರುಪಾರು ಸುದ್ದಿಯನ್ನು ಮೇಷ್ಟರುಗಳು ತರಗತಿಯಲ್ಲಿ ಧೈರ್ಯವಾಗಿ ಹೇಳಬಹುದಿತ್ತು. ಓದುಗರ ಜೀವನದ ತಮಾಷೆ ಪ್ರಸಂಗಗಳಿಗೂ ಅಲ್ಲಿ ಜಾಗ ಸಿಕ್ಕಿತು. ಅಂಚೆ ಕಾರ್ಡಿನಲ್ಲಿ ಬರೆದು ಕಳಿಸಿದ ಗೃಹಿಣಿ, ಗುಮಾಸ್ತ, ಕಂಡಕ್ಟರ್ ಎಲ್ಲರೂ ಲೇಖಕರಾದರು.

1965ರಲ್ಲಿ 'ಸುಧಾ' ವಾರಪತ್ರಿಕೆ ಬಂದ ಮೇಲೆ ಈ ಸರಕಿನ ಮಾರುಕಟ್ಟೆ ಹಿಗ್ಗಿತು. ಅದರ 'ನೀವು ಕೇಳಿದಿರಿ?' ಅಂಕಣದಲ್ಲಿ ಬೀಚಿ ಉತ್ತರಿಸುತ್ತಿದ್ದರು. ಬೀಚಿ ಎಂಬ ಹೆಸರಿನಲ್ಲಿ ಬರೆದ, ಹರಪನಹಳ್ಳಿಯಲ್ಲಿ ಹುಟ್ಟಿದ ರಾಯಸಂ ಭೀಮಸೇನರಾಯರು ಪೊಲೀಸ್ ಇಲಾಖೆಯ ನೌಕರಿಯಲ್ಲಿದ್ದವರು. ಆತ್ಮಕಥೆಗೆ 'ನನ್ನ ಭಯಾಗ್ರಫಿ' ಎಂದು ಹೆಸರಿಟ್ಟವರು. ಅವರ ಉತ್ತರ ಸಾಮಾನ್ಯವಾಗಿ ಪ್ರಶ್ನೆಗಿಂತ ಗಿಡ್ಡ. 'ಪ್ರಜಾವಾಣಿ'ಯ ಅಂಕಣದಲ್ಲಿ ಟಿಎಸ್ಸಾರ್ 'ಛೂಬಾಣ' ಬಿಡುತ್ತಿದ್ದರು, ಅಂಕೋಲೆಯ ದಿನಕರ ದೇಸಾಯಿ ನಾಲ್ಕೇ ಸಾಲಿನ ಚುಟುಕದಲ್ಲಿ ರಾಜಕಾರಣಿಯನ್ನೂ ದೇವರನ್ನೂ ಒಟ್ಟಿಗೆ ವಿಚಾರಿಸಿಕೊಳ್ಳುತ್ತಿದ್ದರು. ಬ್ಯಾಂಕಿನಲ್ಲಿದ್ದ ಡುಂಡಿರಾಜರ ಹನಿಗವನ ಅದೇ ದಾರಿಯ ಮುಂದಿನ ತಂಗುದಾಣ. ಚುಟುಕ, ಹನಿಗವನ ಇಷ್ಟು ಬೆಳೆಯಲು ಪುಟದ ತುದಿಯ ಜಾಗವೂ ಒಂದು ಕಾರಣ ಎಂದರೆ ಕವಿಗಳು ಮುನಿಯಬಾರದು.

ಫೋಟೋ ಕಿವಿಮಾತು ಈ ಸಂತೆಗೆ ತಡವಾಗಿ ಬಂತು. ಮೈಸೂರಿನ ಟಿ. ಎಸ್. ಸತ್ಯನ್ ಅವರಂಥ ಪತ್ರಿಕಾ ಛಾಯಾಗ್ರಾಹಕರು ದೇಶವಿದೇಶಗಳಲ್ಲಿ ಹೆಸರಾಗಿದ್ದರೂ ಕ್ಯಾಮೆರಾ ಮನೆಮನೆಯ ವಸ್ತುವಾಗಿರಲಿಲ್ಲ. ಅಗ್ಫಾ ಕ್ಲಿಕ್ 3ರಂಥ ಸರಳ ಪೆಟ್ಟಿಗೆ ಕೈಗೆ ಬಂದಾಗ ಪರಿಸ್ಥಿತಿ ಬದಲಾಯಿತು. ಒಂದು 120 ರೋಲು, ಹನ್ನೆರಡೇ ಚಿತ್ರ. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ 'ಇಂದು' ಹೆಸರಿನ ಕಪ್ಪುಬಿಳುಪು ಫಿಲ್ಮು ತಯಾರಿಸುತ್ತಿತ್ತು. ಹನ್ನೆರಡರಲ್ಲಿ ಒಂದು ಕೆಟ್ಟರೂ ಹೊಟ್ಟೆ ಉರಿಯುವ ದಿನಗಳಲ್ಲಿ ನಾಲ್ಕು ಸಾಲಿನ ಸಲಹೆಗೆ ತೂಕವಿತ್ತು: ಬಿಸಿಲು ನಿಮ್ಮ ಬೆನ್ನಿಗಿರಲಿ, ಮೊಣಕೈ ಪಕ್ಕೆಗೆ ಒತ್ತಿ ಹಿಡಿಯಿರಿ, ತಲೆಯ ಹಿಂದೆ ದೀಪದ ಕಂಬ ಮೊಳೆಯದಂತೆ ನೋಡಿಕೊಳ್ಳಿ. ಸ್ವಲ್ಪ ದೊಡ್ಡ ಕ್ಯಾಮೆರಾ ಇದ್ದವರಿಗೆ ಸೂತ್ರ ಬೇರೆ. ನಿಚ್ಚಳ ಬಿಸಿಲಿನಲ್ಲಿ ಅಪರ್ಚರ್ ಎಫ್ 16ಕ್ಕಿಟ್ಟು, ಫಿಲ್ಮಿನ ವೇಗ 100 ಆಗಿದ್ದರೆ ಶಟರನ್ನು ಸೆಕೆಂಡಿನ 125ನೇ ಒಂದು ಭಾಗಕ್ಕಿಡಿ ಎನ್ನುವುದು ಲೈಟ್‌ಮೀಟರ್ ಇಲ್ಲದವರ ಪಂಚಾಂಗವಾಗಿತ್ತು.

1971ರಲ್ಲಿ ಬೆಂಗಳೂರಿನಲ್ಲಿ ಯೂತ್ ಫೋಟೋಗ್ರಾಫಿಕ್ ಸೊಸೈಟಿ ಹುಟ್ಟಿತು. ಟಿ. ಎನ್. ಎ. ಪೆರುಮಾಳ್, ಇ. ಹನುಮಂತರಾವ್ ಮೊದಲಾದವರ ಕಾಡಿನ ಚಿತ್ರಗಳು ಹೊಸ ಹುಡುಗರನ್ನು ಹಕ್ಕಿಗಳ ಬೆನ್ನು ಹತ್ತಿಸಿದವು. ಮೂಡಿಗೆರೆಯಲ್ಲಿ ಪೂರ್ಣಚಂದ್ರ ತೇಜಸ್ವಿ ತೋಟದ ಹಕ್ಕಿಗಳಿಗಾಗಿ ಕಾದು ಕೂತರು, ಅದರ ಬಗ್ಗೆ ಬರೆದೂ ಬರೆದರು. ಗೂಡಿನ ಹತ್ತಿರ ಮರೆ ಕಟ್ಟಿ ಕೂತರೆ ಒಳ್ಳೆಯ ಚಿತ್ರ ಸಿಗುತ್ತದೆ ಎಂಬುದು ಒಂದು ಕಾಲದ ಸಲಹೆ. ಈಗ ಗೂಡಿನ ಚಿತ್ರವನ್ನು ಎಷ್ಟೋ ಸ್ಪರ್ಧೆಗಳು ಒಳಗೇ ಬಿಟ್ಟುಕೊಳ್ಳುವುದಿಲ್ಲ, ತಾಯಿಹಕ್ಕಿ ಬೆದರಿ ಗೂಡು ತೊರೆಯುತ್ತದೆಂಬ ಕಾರಣಕ್ಕೆ. ಕಿವಿಮಾತುಗಳಲ್ಲಿ ಹೀಗೆ ಪೂರ್ತಿ ಉಲ್ಟಾ ಹೊಡೆದದ್ದು ಬಹುಶಃ ಇದೊಂದೇ. 1983ರಲ್ಲಿ ಮಣಿಪಾಲದಿಂದ 'ತರಂಗ' ಬಂತು, ಆಫ್‌ಸೆಟ್ ಮುದ್ರಣ ಹಬ್ಬಿತು, ಬ್ಲಾಕಿನ ಕಾಟ ತಪ್ಪಿ ಫೋಟೋ ಹೆಚ್ಚಿತು. ಕಂಪ್ಯೂಟರಿನಲ್ಲಿ ಪುಟ ಕಟ್ಟತೊಡಗಿದ ಮೇಲೆ ಅಕ್ಷರವನ್ನು ಕೊಂಚ ಹಿಗ್ಗಿಸಿ ಪುಟ ತುಂಬಿಸುವುದು ಸಾಧ್ಯವಾಯಿತು. ಫಿಲ್ಲರಿಗೆ ಮೊದಲ ಪೆಟ್ಟು ಬಿದ್ದದ್ದು ಅಲ್ಲಿ. ಇಂಟರ್ನೆಟ್ಟನ್ನು ಬೈಯುವವರು ಇದನ್ನು ಮರೆಯುತ್ತಾರೆ.

ನಗೆ ಅಷ್ಟರಲ್ಲಿ ಪುಟ ಬಿಟ್ಟು ವೇದಿಕೆ ಹತ್ತಿತ್ತು. ಬೀಚಿಯವರ ಜೋಕುಗಳನ್ನು ಗಂಗಾವತಿ ಪ್ರಾಣೇಶ್ ಊರೂರಿಗೆ ಹೊತ್ತರು, ಪ್ರೊ. ಕೃಷ್ಣೇಗೌಡರು ಹಳೆ ಮೈಸೂರಿನ ಮಾತಿನ ಧಾಟಿಯಲ್ಲೇ ಸಭಾಂಗಣ ತುಂಬಿಸಿದರು. ಕೇಳಲು ಸೊಗಸು. ಆದರೆ ಎರಡು ಗಂಟೆ ನಗಿಸಲೇಬೇಕಾದವರು ಅದೇ ಜೋಕಿಗೆ ನೀರು ಬೆರೆಸುವುದು ಅನಿವಾರ್ಯ. ಎಂಟು ಸಾಲಿನ ಬಿಗಿ ಅಲ್ಲಿ ಸಿಗದು. ಅಮೆರಿಕದಲ್ಲಿ ಕೂತು ಶ್ರೀವತ್ಸ ಜೋಶಿ 2002ರಿಂದ ಬರೆದ 'ವಿಚಿತ್ರಾನ್ನ' ಅಂಕಣ ಹೊಸ ಮಾಧ್ಯಮದಲ್ಲೂ ಹಳೆಯ ಶಿಸ್ತು ಉಳಿಸಿಕೊಳ್ಳಬಹುದೆಂದು ತೋರಿಸಿತು: ಕುತೂಹಲ, ಪನ್ನು, ಓದುಗರ ಪತ್ರ, ತಪ್ಪಿಗೆ ತಿದ್ದುಪಡಿ.

ವಾಟ್ಸ್ಆಪ್‌ನಲ್ಲಿ ತಿದ್ದುಪಡಿಗೆ ಜಾಗವಿಲ್ಲ. ಬೆಂಗಳೂರಿನಲ್ಲಿ 1905ರ ಆಗಸ್ಟ್ 5ರಂದು ವಿದ್ಯುತ್ ಬೀದಿದೀಪ ಬೆಳಗಿತು ಎಂಬ ಒಳ್ಳೆಯ ಸಂಗತಿಗೆ 'ಏಷ್ಯಾದಲ್ಲೇ ಮೊದಲು' ಎಂಬ ಬಾಲ ಅಂಟಿಕೊಂಡು ವರ್ಷವರ್ಷವೂ ಸುತ್ತುತ್ತದೆ. ಟೋಕಿಯೊದ ಗಿಂಜಾ ಬೀದಿಯಲ್ಲಿ 1882ರಲ್ಲೇ ವಿದ್ಯುತ್ ದೀಪ ಉರಿದಿತ್ತು. ನಮ್ಮ ಹೆಮ್ಮೆಗೆ ನಿಜವಾದ ಕಾರಣವೇ ಸಾಕಿತ್ತು: ಶಿವನಸಮುದ್ರದಲ್ಲಿ 1902ರಲ್ಲಿ ಹುಟ್ಟಿದ ವಿದ್ಯುತ್ತು ಮೊದಲು ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗೆ ಹೋಯಿತು, ಊರಿಗೆ ದೀಪ ಬಂದದ್ದು ಮೂರು ವರ್ಷದ ಮೇಲೆ. ಚಿನ್ನ ಮೊದಲು, ಬೀದಿ ಆಮೇಲೆ ಎಂಬ ಆ ಸರದಿಯಲ್ಲಿ ಎಷ್ಟೊಂದು ಚರಿತ್ರೆಯಿದೆ! ಹತ್ತು ಸಾಲು ಕೊಟ್ಟಿದ್ದರೆ ಪಾ. ವೆಂ. ಬಾಲ ಕತ್ತರಿಸಿ ಈ ತಿರುಳನ್ನು ಉಳಿಸುತ್ತಿದ್ದರು ಎಂದುಕೊಳ್ಳುತ್ತೇನೆ.

ಈ ಕ್ಷೇತ್ರದ ಸಮಗ್ರ ಚರಿತ್ರೆ ಬರೆಯಹೊರಟವರಿಗೆ ದೊಡ್ಡ ತೊಡಕು ಪರಿವಿಡಿಯದು. ಬೀಚಿಯವರ ಪ್ರಶ್ನೋತ್ತರ, 'ಪದಾರ್ಥ ಚಿಂತಾಮಣಿ', ದೇಸಾಯಿಯವರ ಚುಟುಕಗಳು ಪುಸ್ತಕವಾಗಿವೆ. ಪುಟದ ತುದಿಯ ಚೂರುಗಳು ಪರಿವಿಡಿಯಲ್ಲಿ ಸೇರುವುದಿಲ್ಲ, ಕೆಳಗೆ ಬರೆದವರ ಹೆಸರೂ ಹೆಚ್ಚಾಗಿ ಇರುವುದಿಲ್ಲ. ಹಳೆಯ ಸಂಪುಟಗಳ ಸ್ಕ್ಯಾನು ಪ್ರತಿ ಸಿಕ್ಕರೂ ಹುಡುಕು ಪಟ್ಟಿಯಲ್ಲಿ ಏನೆಂದು ಟೈಪು ಮಾಡುವುದು? ಸದ್ಯಕ್ಕೆ ಪುಟಪುಟವಾಗಿ ತಿರುವಿಹಾಕುವುದೊಂದೇ ದಾರಿ. ಆ ಕೆಲಸಕ್ಕೆ ಕೂತವರು ಮಧ್ಯೆ ಮಧ್ಯೆ ಜೋಕು ಓದುತ್ತ ಕೆಲಸ ಮರೆಯುವ ಅಪಾಯವೂ ಇದೆ.