ಲಾ ಸೀಟು ಸಿಗದಿದ್ದರೆ ಮುಂದೇನು? ಪ್ಲಸ್ ಟು ಮುಗಿಸಿದವರಿಗೆ ಮಾಹಿತಿ

ಕೊಯಮತ್ತೂರು: ಪ್ಲಸ್ ಟು ಮುಗಿಸಿ ಐದು ವರ್ಷದ ಲಾ ಕೋರ್ಸಿಗೆ ಅರ್ಜಿ ಹಾಕಿದವರಿಗೆಲ್ಲ ಸೀಟು ಸಿಗುವುದಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲ ಎಂದು ಗೊತ್ತಾಗುವ ಹೊತ್ತಿಗೆ ಕಲಾ ಕಾಲೇಜುಗಳ ಪ್ರವೇಶವೂ ಮುಗಿದಿರಬಹುದು. ಆದ್ದರಿಂದ ಎರಡನೇ ದಾರಿಯನ್ನು ಅರ್ಜಿ ಹಾಕುವ ದಿನವೇ ನೋಡಿಟ್ಟುಕೊಳ್ಳುವುದು ಜಾಣತನ. ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಕನ್ನಡ ಮನೆಗಳ ಮಕ್ಕಳಿಗೆ ಇರುವ ದಾರಿಗಳು ಇಲ್ಲಿವೆ.

ಮೊದಲು ಲೆಕ್ಕ ನೋಡಿ

ಈ ವರ್ಷವೇ ಸೀಟು ಸಿಕ್ಕರೆ ವಕೀಲರಾಗಲು 5 ವರ್ಷದ ಓದು. ಒಂದು ವರ್ಷ ಮನೆಯಲ್ಲಿ ಕಾದು ಮತ್ತೆ ಅರ್ಜಿ ಹಾಕಿದರೆ 1+5, ಅಂದರೆ 6 ವರ್ಷ. ಈಗಲೇ ಬಿ.ಎ. ಅಥವಾ ಬಿ.ಕಾಂ. ಸೇರಿ, ಆಮೇಲೆ ಮೂರು ವರ್ಷದ ಎಲ್‌ಎಲ್.ಬಿ. ಮಾಡಿದರೂ 3+3, ಅದೇ 6 ವರ್ಷ. ವ್ಯತ್ಯಾಸ ಇಷ್ಟೇ: ಎರಡನೆಯದರಲ್ಲಿ ಮೂರನೇ ವರ್ಷಕ್ಕೇ ಒಂದು ಪದವಿ ಕೈಯಲ್ಲಿರುತ್ತದೆ.

ಇನ್ನೊಂದು ಮಾತು. ತಮಿಳುನಾಡು ಡಾ. ಅಂಬೇಡ್ಕರ್ ಕಾನೂನು ವಿಶ್ವವಿದ್ಯಾಲಯದ ಪ್ರವೇಶಕ್ಕೆ ಪರೀಕ್ಷೆ ಇಲ್ಲ. ಪ್ಲಸ್ ಟು ಅಂಕ ಮತ್ತು ಮೀಸಲಾತಿಯೇ ಆಧಾರ. ಒಂದು ವರ್ಷ ಕಾದರೂ ನಿಮ್ಮ ಅಂಕ ಅಷ್ಟೇ ಇರುತ್ತದೆ. ತಿರುಪ್ಪೂರಿನಲ್ಲಂತೂ ಕಾಯುತ್ತಾ ಕೂತ ಹುಡುಗನ ಕೈಗೆ ಬನಿಯನ್ ಕಂಪನಿಯ ವಾರದ ಸಂಬಳ ಬರತೊಡಗಿದರೆ ಮತ್ತೆ ಪುಸ್ತಕ ಹಿಡಿಯುವುದು ಕಷ್ಟ. ಹೆಣ್ಣುಮಕ್ಕಳಿಗೆ ಅಷ್ಟರಲ್ಲಿ ಮದುವೆ ಮಾತು ಬಂದಿರುತ್ತದೆ. ಸುಮ್ಮನೆ ಕಾಯುವುದು ಎರಡನೇ ದಾರಿಯಲ್ಲ.

ಒಂದೇ ಕಾಲೇಜಿಗೆ ಅಂಟಿಕೊಳ್ಳಬೇಡಿ

ಮರುದಮಲೈ ರಸ್ತೆಯ ಕೊಯಮತ್ತೂರು ಸರ್ಕಾರಿ ಕಾನೂನು ಕಾಲೇಜಿನಲ್ಲಿ ಐದು ವರ್ಷ, ಮೂರು ವರ್ಷ ಎರಡೂ ಕೋರ್ಸುಗಳಿವೆ. ಊರಿಗೆ ಹತ್ತಿರ ಎಂದು ಇದೊಂದನ್ನೇ ಕೇಳುವವರು ಹೆಚ್ಚು. 2019ರಲ್ಲಿ ಶುರುವಾದ ಸೇಲಂ ಮತ್ತು ನಾಮಕ್ಕಲ್ ಕಾಲೇಜುಗಳು, ಧರ್ಮಪುರಿ, ತಿರುಚಿ ಕಾಲೇಜುಗಳೂ ಸರ್ಕಾರಿ ಕಾಲೇಜುಗಳೇ. ಕೌನ್ಸೆಲಿಂಗ್‌ನಲ್ಲಿ ಅವನ್ನೂ ಕೇಳಿ. ಚೆನ್ನೈನಲ್ಲಿರುವ ವಿಶ್ವವಿದ್ಯಾಲಯದ್ದೇ ಆದ ಸ್ಕೂಲ್ ಆಫ್ ಎಕ್ಸಲೆನ್ಸ್‌ಗೆ ಬೇರೆಯೇ ಅರ್ಜಿ ಹಾಕಬೇಕು. ಅಲ್ಲಿ ಶುಲ್ಕ ಹೆಚ್ಚು.

ಬಾರ್ ಕೌನ್ಸಿಲ್‌ನ 2008ರ ನಿಯಮದ ಪ್ರಕಾರ ಸಾಮಾನ್ಯ ವರ್ಗಕ್ಕೆ 45%, ಹಿಂದುಳಿದ ವರ್ಗಕ್ಕೆ 42%, ಪರಿಶಿಷ್ಟರಿಗೆ 40% ಕನಿಷ್ಠ ಅಂಕ. ಇದು ಅರ್ಜಿ ಹಾಕಲು ಬೇಕಾದ ಅರ್ಹತೆ ಮಾತ್ರ, ಸೀಟಿನ ಗ್ಯಾರಂಟಿ ಅಲ್ಲ.

ಕಾಗದ ಪತ್ರ

ದೇವಾಂಗ, ಒಕ್ಕಲಿಗ ಮುಂತಾದ ಕನ್ನಡ ಮಾತಾಡುವ ಹಲವು ಸಮುದಾಯಗಳು ತಮಿಳುನಾಡಿನ ಹಿಂದುಳಿದ ವರ್ಗಗಳ ಪಟ್ಟಿಯಲ್ಲಿವೆ. ಮನೆಯಲ್ಲಿ ಹೇಳುವ ಹೆಸರಿಗೂ ಪಟ್ಟಿಯಲ್ಲಿರುವ ಹೆಸರಿಗೂ ವ್ಯತ್ಯಾಸ ಇರಬಹುದು. ಜಾತಿ ಪ್ರಮಾಣಪತ್ರವನ್ನು ಮೊದಲೇ ನೋಡಿಕೊಳ್ಳಿ. 6ರಿಂದ 12ನೇ ತರಗತಿವರೆಗೆ ತಮಿಳುನಾಡಿನ ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ 2021ರ ಕಾಯ್ದೆಯಂತೆ 7.5% ಆದ್ಯತೆ ಇದೆ. ಸ್ವಲ್ಪ ಕಾಲ ಕರ್ನಾಟಕದ ಕಡೆ ನೆಂಟರ ಮನೆಯಲ್ಲಿದ್ದು ಓದಿದವರಿಗೆ ಇದು ಸಿಗುವುದಿಲ್ಲ. ನೇಟಿವಿಟಿ, ಮೊದಲ ಪದವೀಧರ ಪ್ರಮಾಣಪತ್ರಗಳಿಗೂ ಇ-ಸೇವೈ ಕೇಂದ್ರದಲ್ಲಿ ಬೇಗನೆ ಅರ್ಜಿ ಕೊಡಿ.

ಕಲಾ ಕಾಲೇಜು ಸೇರುವುದು

ಕೊಯಮತ್ತೂರು ಸರ್ಕಾರಿ ಕಲಾ ಕಾಲೇಜು, ತಿರುಪ್ಪೂರಿನ ಚಿಕ್ಕಣ್ಣ ಸರ್ಕಾರಿ ಕಾಲೇಜು, ಎಲ್.ಆರ್.ಜಿ. ಮಹಿಳಾ ಕಾಲೇಜು, ಉಡುಮಲೈ ಸರ್ಕಾರಿ ಕಾಲೇಜು ನಮಗೆ ಹತ್ತಿರದವು. ಲಾ ಅರ್ಜಿಯ ಜೊತೆಗೇ ಇಲ್ಲಿಗೂ ಅರ್ಜಿ ಹಾಕಿ. ಮೂರು ವರ್ಷದ ಎಲ್‌ಎಲ್.ಬಿ. ಸೀಟು ಪದವಿಯ ಅಂಕ ನೋಡಿ ಕೊಡುವುದರಿಂದ, ಚೆನ್ನಾಗಿ ಅಂಕ ತೆಗೆಯಬಲ್ಲ ವಿಷಯವನ್ನೇ ಆರಿಸಿಕೊಳ್ಳಿ.

ಕಾಲೇಜು ಸೇರಿದ ಮೇಲೆ ಲಾ ಸೀಟು ಬಂದರೆ? ಯು.ಜಿ.ಸಿ.ಯ 2018ರ ಅಕ್ಟೋಬರ್ ಆದೇಶದಂತೆ ಕಾಲೇಜುಗಳು ಮೂಲ ಪ್ರಮಾಣಪತ್ರಗಳನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ. ಪ್ರವೇಶದ ಕೊನೆಯ ದಿನಕ್ಕೆ 15 ದಿನ ಮೊದಲೇ ಬಿಟ್ಟರೆ ಅಲ್ಪ ಸಂಸ್ಕರಣಾ ಶುಲ್ಕ ಕಳೆದು ಪೂರ್ತಿ ಹಣ, 15 ದಿನದೊಳಗೆ ಬಿಟ್ಟರೆ 90%, ಕೊನೆಯ ದಿನ ಕಳೆದು 15 ದಿನದವರೆಗೆ 80%, 30 ದಿನದವರೆಗೆ 50% ವಾಪಸು. ಆಮೇಲೆ ಏನೂ ಇಲ್ಲ.

ನೆನಪಿಡಿ: ಬಿ.ಎ. ಒಂದು ವರ್ಷ ಓದಿ ಐದು ವರ್ಷದ ಲಾ ಕೋರ್ಸಿನ ಎರಡನೇ ವರ್ಷಕ್ಕೆ ನೇರವಾಗಿ ಸೇರಲು ಆಗುವುದಿಲ್ಲ. ಬಾರ್ ಕೌನ್ಸಿಲ್ ನಿಯಮ ಅದನ್ನು ಒಪ್ಪುವುದಿಲ್ಲ.

ಕೆಲಸ ಮಾಡುತ್ತಾ ಓದುವವರು

ಹತ್ತನೇ ತರಗತಿ, ಪ್ಲಸ್ ಟು ಕ್ರಮವಾಗಿ ಪಾಸಾಗಿ ಅಂಚೆ ಮೂಲಕ ಪದವಿ ಪಡೆದವರೂ ಮೂರು ವರ್ಷದ ಲಾ ಸೇರಬಹುದು. ಆದರೆ ಪ್ಲಸ್ ಟು ಇಲ್ಲದೆ ನೇರವಾಗಿ ಮುಕ್ತ ವಿಶ್ವವಿದ್ಯಾಲಯದ ಪದವಿ ಪಡೆದವರಿಗೆ ಅವಕಾಶವಿಲ್ಲ. ಎಲ್‌ಎಲ್.ಬಿ.ಯನ್ನೇ ಅಂಚೆ ಮೂಲಕ ಮಾಡಿಸುತ್ತೇವೆ ಎನ್ನುವವರನ್ನು ನಂಬಬೇಡಿ. ಅದರಿಂದ ವಕೀಲರಾಗಲು ಆಗದು.

ಕ್ಲಾಟ್ ಮತ್ತು ಕರ್ನಾಟಕ

ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಕ್ಲಾಟ್ ಪರೀಕ್ಷೆ ಇಂಗ್ಲಿಷಿನಲ್ಲಿ ಮಾತ್ರ; 120 ಪ್ರಶ್ನೆ, 2 ಗಂಟೆ. ಮೊದಲ ವರ್ಷದ ಬಿ.ಎ. ಓದುತ್ತಲೇ ಇದನ್ನು ಮತ್ತೆ ಬರೆಯಬಹುದು. ತಿರುಚಿಯ ವಿಶ್ವವಿದ್ಯಾಲಯದಲ್ಲಿ ತಮಿಳುನಾಡಿನವರಿಗೆ ಮೀಸಲಾತಿ ಇದೆ. ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲಿನಲ್ಲಿ ಕರ್ನಾಟಕದ ಮೀಸಲು ಸೀಟು ಕೇಳಬೇಕಾದರೆ ಅಲ್ಲಿ ಹತ್ತು ವರ್ಷ ಓದಿರಬೇಕು. ಮನೆಮಾತು ಕನ್ನಡ ಎಂದರೆ ಸಾಲದು.

ಮೈಸೂರಿನ ಕಾಲೇಜುಗಳು 2009ರಲ್ಲಿ ಸ್ಥಾಪನೆಯಾದ ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯಕ್ಕೆ ಸೇರಿವೆ. ಅಲ್ಲಿ ಮೂರು ವರ್ಷದ ಲಾ ಪರೀಕ್ಷೆಯನ್ನು ಕನ್ನಡದಲ್ಲೂ ಬರೆಯಬಹುದು. ಆದರೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂದು ಬೆಳೆದವರು ಕನ್ನಡ ಬರೆಯಬಲ್ಲೆವೇ ಎಂದು ಮೊದಲು ನೋಡಿಕೊಳ್ಳಲಿ. ತಮಿಳುನಾಡಿನ ಜಾತಿ ಪ್ರಮಾಣಪತ್ರಕ್ಕೆ ಅಲ್ಲಿ ಮೀಸಲಾತಿ ಸಿಗದು. ಹಾಸ್ಟೆಲ್ ಖರ್ಚೂ ಇದೆ. ಅಲ್ಲಿ ಓದಿ ಬಂದರೂ ತಮಿಳುನಾಡು ಬಾರ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಳ್ಳಬಹುದು, ಕಾಲೇಜಿಗೆ ಮಾನ್ಯತೆ ಇದ್ದರೆ ಸಾಕು.

ದಲ್ಲಾಳಿಗಳ ಬಗ್ಗೆ ಎಚ್ಚರ

ಪಟ್ಟಿ ಬಂದ ಮರುದಿನವೇ 'ಸೀಟು ಕೊಡಿಸುತ್ತೇವೆ' ಎನ್ನುವ ಫೋನ್ ಬರಬಹುದು. ಹಣ ಕೊಡುವ ಮೊದಲು ಕಾಲೇಜಿನ ಹೆಸರು ಭಾರತೀಯ ಬಾರ್ ಕೌನ್ಸಿಲ್‌ನ ಪಟ್ಟಿಯಲ್ಲಿದೆಯೇ ನೋಡಿ. 2025ರ ಆಗಸ್ಟ್‌ನಲ್ಲಿ ಕೌನ್ಸಿಲ್ ಮೂರು ವರ್ಷ ಹೊಸ ಲಾ ಕಾಲೇಜುಗಳಿಗೆ ತಡೆ ಹಾಕಿತ್ತು. 'ಹೊಸ ಕಾಲೇಜು' ಎಂದರೆ ಇನ್ನಷ್ಟು ಎಚ್ಚರ ಬೇಕು.

ಕೊನೆಗೆ ಮಾಡಬೇಕಾದ್ದು ಮೂರೇ: ಲಾ ಅರ್ಜಿಯ ಜೊತೆಗೆ ಕಲಾ ಕಾಲೇಜಿಗೂ ಅರ್ಜಿ, ಕೈಯಲ್ಲಿ ಸರಿಯಾದ ಪ್ರಮಾಣಪತ್ರ, ಶುಲ್ಕ ವಾಪಸಿನ ದಿನಾಂಕದ ಮೇಲೆ ಕಣ್ಣು. ಇಷ್ಟಿದ್ದರೆ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಕರಿಕೋಟು ಒಂದು ವರ್ಷ ತಡವಾಗುತ್ತದೆ, ಅಷ್ಟೇ.