ಫೈ ಬೀಟಾ ಕಪ್ಪ

ಅಮೆರಿಕದ ಕಾಲೇಜು ವಿದ್ಯಾರ್ಥಿಗಳ ಗೌರವಸಂಘಗಳಲ್ಲಿ ಅತ್ಯಂತ ಪ್ರಾಚೀನವಾದುದು. ಸ್ವಾತಂತ್ರ್ಯಘೋಷಣೆಯಾದ ವರ್ಷದಲ್ಲಿಯೇ, 1776ರ ಡಿಸೆಂಬರ್ 5ರಂದು, ವರ್ಜೀನಿಯದ ವಿಲಿಯಂ ಅಂಡ್ ಮೇರಿ ಕಾಲೇಜಿನ ಐವರು ತರುಣರು ಇದನ್ನು ಸ್ಥಾಪಿಸಿದರು. ಜ್ಞಾನಪ್ರೇಮವೇ ಬಾಳಿನ ಕರ್ಣಧಾರನೆಂಬ ಗ್ರೀಕ್ ಸೂತ್ರದ ಆದ್ಯಕ್ಷರಗಳೇ ಇದರ ನಾಮಧೇಯ. ಶಪಥ, ಗುಪ್ತಸಂಕೇತ, ವಿಶಿಷ್ಟ ಹಸ್ತಲಾಘವಗಳಿಂದ ಕೂಡಿದ್ದ ಆ ಕಾಲದ ಗೋಷ್ಠಿಗಳಲ್ಲಿ, ಈ ಬಾಲಿಶ ಆಡಂಬರದ ಮರೆಯಲ್ಲಿಯೇ, ಗಂಭೀರ ವಾದವಿವಾದಗಳು ನಡೆಯುತ್ತಿದ್ದುವೆಂಬುದು ಗಮನಾರ್ಹವಾಗಿದೆ. 1781ರಲ್ಲಿ ಆಂಗ್ಲಸೈನ್ಯವು ಸಮೀಪಿಸಲು ಮೂಲಶಾಖೆಯು ಸ್ತಬ್ಧವಾಯಿತಾದರೂ, ಯೇಲ್ ಮತ್ತು ಹಾರ್ವರ್ಡ್‌ಗಳಲ್ಲಿ ಶಾಖೆ ತೆರೆಯಲು ಮುಂಚೆಯೇ ಸನ್ನದುಗಳನ್ನಿತ್ತಿದ್ದುದರಿಂದ ಸಂಘವು ಅಳಿಯದೆ ಉಳಿಯಿತು.

ಗುಪ್ತಸಂಘಗಳ ವಿಷಯದಲ್ಲಿ ಜನರ ಸಂಶಯವು ತೀವ್ರವಾಗಲಾಗಿ 1831ರಲ್ಲಿ ಹಾರ್ವರ್ಡ್ ಶಾಖೆಯು ರಹಸ್ಯವನ್ನು ತ್ಯಜಿಸಿತು. ಅಲ್ಲಿಂದ ಮುಂದೆ ಪಾಂಡಿತ್ಯವನ್ನು ಪುರಸ್ಕರಿಸುವುದೇ ಮುಖ್ಯ ಕಾರ್ಯವಾಯಿತು. ಇದೇ ಶಾಖೆಯ ಸಭೆಯಲ್ಲಿ 1837ರಲ್ಲಿ ಪ್ರಬಂಧಕಾರ ಎಮರ್ಸನ್ ಮಾಡಿದ ‘ದಿ ಅಮೆರಿಕನ್ ಸ್ಕಾಲರ್’ ಎಂಬ ಭಾಷಣವು ಸಂಘದ ಇತರ ಎಲ್ಲ ಉತ್ಸವಗಳಿಗಿಂತ ಹೆಚ್ಚು ಚಿರಸ್ಥಾಯಿಯಾಗಿದೆ. ಸ್ತ್ರೀಯರಿಗೆ ಪ್ರವೇಶ ದೊರೆತದ್ದು ಬಹಳ ತಡವಾಗಿ, 1875ರಲ್ಲಿ, ವರ್ಮಾಂಟ್ ವಿಶ್ವವಿದ್ಯಾನಿಲಯದಲ್ಲಿ.

ಗಡಿಯಾರದ ಸರಪಣಿಗೆ ತೂಗಿಸಿಕೊಳ್ಳುತ್ತಿದ್ದ ಕೀಲಿಕೈಯೇ ಸದಸ್ಯತ್ವದ ಲಾಂಛನ. ಅದರ ಮುಖದಲ್ಲಿ ಮೂರು ಗ್ರೀಕ್ ಅಕ್ಷರಗಳೂ, ಮೂರು ನಕ್ಷತ್ರಗಳೂ, ಅವುಗಳತ್ತ ಬೆರಳು ತೋರುವ ಒಂದು ಹಸ್ತವೂ ಕೆತ್ತಲ್ಪಟ್ಟಿವೆ. ವಿಜ್ಞಾನ ಸಂಶೋಧನೆಗೆ ಮೀಸಲಾದ ಸಿಗ್ಮ ಕ್ಸೈ (1886), ಎಂಜಿನಿಯರಿಂಗ್ ವಿದ್ಯಾರ್ಥಿಗಳ ಟೌ ಬೀಟಾ ಪೈ (1885) ಮುಂತಾದ ಇತರ ಗೌರವಸಂಘಗಳು ಅನಂತರ ಹುಟ್ಟಿದುವು.