ಅಪಘಾತ ಪರಿಹಾರದ ಮೊಕದ್ದಮೆಯಲ್ಲಿ ತಜ್ಞಸಾಕ್ಷಿ

ರಸ್ತೆ ಅಪಘಾತದಲ್ಲಿ ಗಾಯಗೊಂಡವರು ಮೋಟಾರು ವಾಹನ ಕಾಯ್ದೆ, 1988ರ ಪ್ರಕಾರ ಪರಿಹಾರ ಕೇಳುವುದು ವಾಹನ ಅಪಘಾತ ಕ್ಲೇಮು ನ್ಯಾಯಮಂಡಳಿಯಲ್ಲಿ. ಬೆಂಗಳೂರಿನಲ್ಲಿ ಈ ಕೆಲಸವನ್ನು ಸ್ಮಾಲ್ ಕಾಸಸ್ ಕೋರ್ಟ್ ನೋಡಿಕೊಳ್ಳುತ್ತದೆ. ವಕೀಲರ ಬಾಯಲ್ಲಿ ಇದು ಎಂವಿಸಿ ಕೇಸು. ತಪ್ಪು ಯಾರದು ಎಂಬುದು ಬಹುಪಾಲು ಎಫ್‌ಐಆರ್, ಮಹಜರು, ಸ್ಕೆಚ್, ಚಾರ್ಜ್‌ಶೀಟುಗಳಿಂದಲೇ ತೀರ್ಮಾನವಾಗುತ್ತದೆ. ಗಾಯಾಳುವಿಗೆ ಆದ ನಷ್ಟವೆಷ್ಟು ಎಂದು ಕೇಳುವಾಗ ಮಾತ್ರ ಆ ಕಾಗದಗಳು ಸಾಲವು. ದೇಹವನ್ನು ಬಲ್ಲವರು ಬಂದು ಹೇಳಬೇಕು. ಅವರೇ ತಜ್ಞಸಾಕ್ಷಿ. ಅವರು ಹೇಳುವ ಒಂದು ಶೇಕಡಾವಾರು ಸಂಖ್ಯೆಯ ಮೇಲೆ ಒಂದು ಕುಟುಂಬದ ಮುಂದಿನ ಹಲವು ವರ್ಷಗಳ ಅನ್ನ ನಿಂತಿರುತ್ತದೆ.

ಕಾನೂನಿನ ನೆಲೆ

ಸಾಮಾನ್ಯ ಸಾಕ್ಷಿ ತಾನು ಕಂಡದ್ದನ್ನು, ಕೇಳಿದ್ದನ್ನು ಮಾತ್ರ ಹೇಳಬಹುದು. ತನ್ನ ಅಭಿಪ್ರಾಯ ಹೇಳುವಂತಿಲ್ಲ. ತಜ್ಞರಿಗೆ ಈ ನಿಯಮದಿಂದ ವಿನಾಯಿತಿ ಇದೆ. 1872ರ ಸಾಕ್ಷ್ಯ ಕಾಯ್ದೆಯ 45ನೇ ಕಲಂ ಕೊಟ್ಟಿದ್ದ ಈ ಅವಕಾಶ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದ 39ನೇ ಕಲಮಿನಲ್ಲಿ ಮುಂದುವರಿದಿದೆ.

ಆದರೆ ತಜ್ಞರ ಮಾತು ಸಲಹೆ ಮಾತ್ರ, ತೀರ್ಪಲ್ಲ. ಯಾವ ಅಳತೆ, ಯಾವ ಪರೀಕ್ಷೆ, ಯಾವ ಕಾರಣದಿಂದ ಆ ಅಭಿಪ್ರಾಯಕ್ಕೆ ಬಂದೆ ಎಂಬುದನ್ನು ತಜ್ಞರು ನ್ಯಾಯಾಧೀಶರ ಮುಂದೆ ಬಿಚ್ಚಿಡಬೇಕು. ಹಾಗೆ ಬಿಚ್ಚಿಟ್ಟರೆ ಮಾತ್ರ ನ್ಯಾಯಾಧೀಶರು ಅದನ್ನು ತೂಗಿ ನೋಡಿ ತಮ್ಮದೇ ನಿರ್ಧಾರಕ್ಕೆ ಬರಲು ಸಾಧ್ಯ. ಕಾರಣವಿಲ್ಲದ ಬರೀ ಸಂಖ್ಯೆಗೆ, ಅದನ್ನು ಎಷ್ಟೇ ದೊಡ್ಡ ವೈದ್ಯರು ಬರೆದಿರಲಿ, ಬೆಲೆ ಕಡಿಮೆ.

ಕಟಕಟೆಗೆ ಬರುವವರು

ಅಪಘಾತವಾದ ವಾಹನವನ್ನು ಪರೀಕ್ಷಿಸಿದ ಮೋಟಾರು ವಾಹನ ನಿರೀಕ್ಷಕರ ವರದಿ (ಐಎಂವಿ ವರದಿ) ಹೆಚ್ಚಿನ ಕಡತಗಳಲ್ಲಿ ಇರುತ್ತದೆ. ಬ್ರೇಕ್ ಸರಿಯಿತ್ತೇ, ಪೆಟ್ಟು ಬಿದ್ದದ್ದು ವಾಹನದ ಯಾವ ಬದಿಗೆ ಎಂಬುದು ಅದರಿಂದ ತಿಳಿಯುತ್ತದೆ. ತಕರಾರು ಬಂದರೆ ಮಾತ್ರ ನಿರೀಕ್ಷಕರೇ ಸಾಕ್ಷಿ ಹೇಳಲು ಬರುತ್ತಾರೆ. ಹೆಚ್ಚಿನ ಕೇಸುಗಳಲ್ಲಿ ತಜ್ಞಸಾಕ್ಷಿ ಎಂದರೆ ಮೂಳೆ ವೈದ್ಯರೇ. ತಲೆಗೆ ಪೆಟ್ಟಾಗಿದ್ದರೆ ನರರೋಗ ತಜ್ಞರು, ಮನಶ್ಶಾಸ್ತ್ರಜ್ಞರು. ಅಂಗ ಕತ್ತರಿಸಿದ್ದರೆ ಕೃತಕ ಕಾಲು ಮಾಡುವವರು.

ವೈದ್ಯರಲ್ಲೂ ಎರಡು ಬಗೆ. ಚಿಕಿತ್ಸೆ ಕೊಟ್ಟವರು ಗಾಯವನ್ನು ಮೊದಲ ದಿನದಿಂದ ಬಲ್ಲರು. ಕೇವಲ ಅಂಗವೈಕಲ್ಯ ಅಳೆಯಲು ಬಂದವರು ಅಪಘಾತವಾಗಿ ಎಷ್ಟೋ ತಿಂಗಳ ಮೇಲೆ ಒಮ್ಮೆ ಪರೀಕ್ಷಿಸಿ, ಹಳೆಯ ಡಿಸ್ಚಾರ್ಜ್ ಸಮ್ಮರಿಯನ್ನೂ ಹೊಸ ಎಕ್ಸ್‌ರೇಯನ್ನೂ ನೋಡಿ ಹೇಳುತ್ತಾರೆ. ಇಬ್ಬರ ಸಾಕ್ಷ್ಯಕ್ಕೂ ಅವಕಾಶವಿದೆ. ತೂಕ ಮಾತ್ರ ಒಂದೇ ಅಲ್ಲ.

ಶೇಕಡಾ ಲೆಕ್ಕ ಹುಟ್ಟುವ ಬಗೆ

ಕೀಲು ಎಷ್ಟು ಡಿಗ್ರಿ ಮಡಚುತ್ತದೆ ಎಂಬುದನ್ನು ಗೋನಿಯೋಮೀಟರಿನಿಂದ ಅಳೆಯುತ್ತಾರೆ. ಸ್ನಾಯುಬಲಕ್ಕೆ 0ಯಿಂದ 5ರವರೆಗೆ ಅಂಕ. ಕಾಲು ಗಿಡ್ಡವಾಗಿದೆಯೇ, ನೋವಿದೆಯೇ, ನಿಲ್ಲಲು, ಮೆಟ್ಟಿಲು ಹತ್ತಲು, ಕುಕ್ಕರುಗಾಲಲ್ಲಿ ಕೂರಲು ಆಗುತ್ತದೆಯೇ ಎಂಬುದನ್ನೂ ಸೇರಿಸುತ್ತಾರೆ. ಇದಕ್ಕೆ ಕೇಂದ್ರ ಸರ್ಕಾರದ ಮಾರ್ಗಸೂಚಿಗಳಿವೆ. 2018ರಲ್ಲಿ ಹೊರಟವನ್ನು 2024ರಲ್ಲಿ ಪರಿಷ್ಕರಿಸಲಾಗಿದೆ. ಒಂದಕ್ಕಿಂತ ಹೆಚ್ಚು ಊನಗಳಿದ್ದರೆ ಸುಮ್ಮನೆ ಕೂಡಿಸುವುದಿಲ್ಲ, ಅದಕ್ಕೊಂದು ಸೂತ್ರವಿದೆ.

ಇಲ್ಲಿ ಅರ್ಜಿದಾರರು ಎಡವುವ ಜಾಗವೊಂದಿದೆ. ‘45 ಶೇಕಡಾ’ ಎಂದು ವೈದ್ಯರು ಬರೆದದ್ದು ಒಂದು ಕಾಲಿನ ಮಟ್ಟಿಗೋ ಇಡೀ ದೇಹಕ್ಕೋ? ಕಾಲಿನ ಲೆಕ್ಕವಾದರೆ ಇಡೀ ದೇಹಕ್ಕೆ ಅದರ ಮೂರನೇ ಒಂದು ಭಾಗ ಹಿಡಿಯುವ ರೂಢಿ ಕರ್ನಾಟಕದ ತೀರ್ಪುಗಳಲ್ಲಿ ಆಗಾಗ ಕಾಣುತ್ತದೆ. 45 ಆಗ 15 ಆಗುತ್ತದೆ.

ದೇಹದ ನಷ್ಟ, ದುಡಿಮೆಯ ನಷ್ಟ

2010ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕೊಟ್ಟ ತೀರ್ಪೊಂದು, ವಕೀಲರು ರಾಜ್‌ಕುಮಾರ್ ಪ್ರಕರಣ ಎಂದು ಕರೆಯುವಂಥದು, ಈ ವಿಷಯದ ಆಧಾರಸ್ತಂಭ. ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್. ವಿ. ರವೀಂದ್ರನ್. ದೇಹಕ್ಕೆ ಎಷ್ಟು ಊನವಾಗಿದೆ ಎಂದು ಹೇಳುವುದು ವೈದ್ಯರ ಕೆಲಸ. ಅದರಿಂದ ದುಡಿಯುವ ಶಕ್ತಿ ಎಷ್ಟು ಹೋಯಿತು ಎಂದು ತೀರ್ಮಾನಿಸುವುದು ನ್ಯಾಯಮಂಡಳಿಯ ಕೆಲಸ ಎಂದು ಅದು ಗೆರೆ ಎಳೆಯಿತು. ಎಡಗೈ ಕಳೆದುಕೊಂಡ ಚಾಲಕ ಅಥವಾ ಬಡಗಿಯ ದುಡಿಮೆ ಪೂರ್ತಿ ನಿಂತುಹೋಗಬಹುದು. ಅದೇ ಗಾಯವಾದ ಸರ್ಕಾರಿ ಗುಮಾಸ್ತ ಅದೇ ಕುರ್ಚಿಯಲ್ಲಿ ಅದೇ ಸಂಬಳಕ್ಕೆ ಮುಂದುವರಿದರೆ ಆದಾಯದ ನಷ್ಟವೇ ಇರಲಾರದು. ಬದುಕಿನ ಸುಖ ಕಳೆದುದಕ್ಕೆ ಅವನಿಗೆ ಬೇರೆ ಬಾಬ್ತಿನಲ್ಲಿ ಪರಿಹಾರ ಕೊಡಬೇಕು.

ಇದರಿಂದ ರೂಪಾಯಿಯಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಉದಾಹರಣೆ ನೋಡೋಣ. ಅಪಘಾತದ ಮೇಲೆ ಮಂಡಿ ಮಡಚಲಾಗದ, ಟೈಲ್ಸ್ ಹಾಕುವ 32 ವರ್ಷದ ಕೆಲಸಗಾರ, ತಿಂಗಳ ಆದಾಯ 15,000 ರೂಪಾಯಿ. ಆ ವಯಸ್ಸಿಗೆ 2009ರ ಸರಳಾ ವರ್ಮ ತೀರ್ಪಿನ ಪಟ್ಟಿಯಂತೆ ಗುಣಕ, ಅಂದರೆ ವರ್ಷದ ಆದಾಯವನ್ನು ಗುಣಿಸುವ ಸಂಖ್ಯೆ, 16. ಭವಿಷ್ಯದ ಆದಾಯ ಏರಿಕೆಯನ್ನು ಸದ್ಯಕ್ಕೆ ಬದಿಗಿಟ್ಟರೆ ಒಟ್ಟು ಮೊತ್ತ 28,80,000. ಇಡೀ ದೇಹದ ಊನ 15 ಶೇಕಡಾ ಎಂದು ಅದನ್ನೇ ದುಡಿಮೆಯ ನಷ್ಟವೆಂದು ಹಿಡಿದರೆ ಅವನಿಗೆ ಸಿಗುವುದು 4,32,000. ಮಂಡಿ ಮಡಚದವನು ನೆಲದಲ್ಲಿ ಕೂತು ಟೈಲ್ಸ್ ಹಾಕಲಾರ ಎಂಬುದನ್ನು ಗಮನಿಸಿ 45 ಶೇಕಡಾ ಹಿಡಿದರೆ 12,96,000. ಕಾಲು ಅದೇ, ಅಳತೆ ಅದೇ. ಆದರೆ ಕೂರಲಾರ ಎಂಬ ಒಂದು ಮಾತು ವೈದ್ಯರ ಸಾಕ್ಷ್ಯದಲ್ಲಿ ಇರಬೇಕು. ಬಹಳ ಪ್ರಮಾಣಪತ್ರಗಳಲ್ಲಿ ಅದೇ ಇರುವುದಿಲ್ಲ ಎಂಬುದು ನಿಜವಾಗಿ ನೋವಿನ ಸಂಗತಿ.

ಕರ್ನಾಟಕದಿಂದ ಸುಪ್ರೀಂ ಕೋರ್ಟಿಗೆ ಹೋದ ಪ್ರಕರಣವೊಂದು 2014ರಲ್ಲಿ ಇತ್ಯರ್ಥವಾಯಿತು. ಬಲಗಾಲು ಕಳೆದುಕೊಂಡ 24 ವರ್ಷದ ತರಕಾರಿ ವ್ಯಾಪಾರಿ. ಒಂದೇ ಕಡೆ ಕೂತು ತರಕಾರಿ ಮಾರಬಹುದಲ್ಲ ಎಂಬ ಎಣಿಕೆಯ ಮೇಲೆ ಹೈಕೋರ್ಟು ನಷ್ಟವನ್ನು 65 ಶೇಕಡಾಕ್ಕೆ ಇಳಿಸಿತ್ತು. ತರಕಾರಿ ವ್ಯಾಪಾರವೆಂದರೆ ಸಗಟು ಮಾರುಕಟ್ಟೆಯಿಂದ ತರಕಾರಿ ತರುವುದು, ಗಾಡಿಯಲ್ಲಿ ಮಾರುವುದೂ ಹೌದು ಎಂದು ಹೇಳಿ ಸುಪ್ರೀಂ ಕೋರ್ಟು ಅದನ್ನು 85 ಶೇಕಡಾ ಎಂದೇ ಹಿಡಿಯಿತು. ಕಸುಬಿನ ಒಳಹೊರಗು ತಿಳಿಯದೆ ದೇಹದ ಅಳತೆ ಅರ್ಥವಾಗದು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ನಿದರ್ಶನ ಬೇಕಿಲ್ಲ.

ಕಾರ್ಮಿಕ ಪರಿಹಾರದಲ್ಲಿ ನಿಯಮ ಬೇರೆ

ಕೆಲಸದ ವೇಳೆ ಆದ ಗಾಯಕ್ಕೆ 1923ರ ನೌಕರರ ಪರಿಹಾರ ಕಾಯ್ದೆಯಲ್ಲಿ ಅನುಸೂಚಿಯೇ ಇತ್ತು. ಹೆಬ್ಬೆರಳು ಹೋದರೆ 30 ಶೇಕಡಾ ಎಂಬಂತೆ. ಪಟ್ಟಿಯಲ್ಲಿಲ್ಲದ ಗಾಯವಾದರೆ ದುಡಿಮೆಯ ನಷ್ಟವನ್ನೂ ಅರ್ಹ ವೈದ್ಯರೇ ಅಂದಾಜಿಸಬೇಕಿತ್ತು. ಎಂವಿಸಿ ಕೇಸಿನ ಗೆರೆಯನ್ನು ಅಲ್ಲಿಗೆ ಹಾಗೆಯೇ ಒಯ್ಯಲಾಗದು.

ಪಾಟಿ ಸವಾಲು

ವಿಮಾ ಕಂಪನಿಯ ವಕೀಲರು ವೈದ್ಯರಿಗೆ ಹಾಕುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ ಜಾಡಿನವು. ಚಿಕಿತ್ಸೆ ಕೊಟ್ಟವರು ನೀವೇ ಏನು? ಮೂಳೆ ಕೂಡಿಕೊಂಡಿದೆಯಲ್ಲವೇ? ಒಳಗಿನ ರಾಡ್ ತೆಗೆಸಿದರೆ ಸುಧಾರಿಸುತ್ತದಲ್ಲವೇ? ಅರ್ಜಿದಾರರಿಗೆ ಅನುಕೂಲವಾಗಲೆಂದು ಹೆಚ್ಚು ಬರೆದಿದ್ದೀರಿ ಎಂದರೆ? ಮೂಳೆ ಕೂಡಿದೆ ಎಂದು ಒಪ್ಪಿಕೊಂಡ ಕೂಡಲೇ ಊನವಿಲ್ಲ ಎಂದಾಗುವುದಿಲ್ಲ. ಮೂಳೆ ಸೊಟ್ಟಗೆ ಕೂಡಿರಬಹುದು, ಕೀಲು ಬಿಗಿದಿರಬಹುದು, ಸಂಧಿವಾತ ಶುರುವಾಗಿರಬಹುದು. ಇದನ್ನು ಅಲ್ಲಿಯೇ ವಿವರಿಸುವ ವೈದ್ಯರ ಸಾಕ್ಷ್ಯ ನಿಲ್ಲುತ್ತದೆ. ಬರೀ ‘ಹೌದು’ ಎಂದು ಕಟಕಟೆಯಿಂದ ಇಳಿದವರ ಸಾಕ್ಷ್ಯ ಸೊರಗುತ್ತದೆ.

ಸಿದ್ಧ ಪ್ರಮಾಣಪತ್ರ, ಬಾರದ ವೈದ್ಯರು

ಗಾಯಾಳುವಿಗೆ ಚಿಕಿತ್ಸೆ ಕೊಡದ ವೈದ್ಯರು ಧಾರಾಳವಾಗಿ ಹಂಚುವ ಪ್ರಮಾಣಪತ್ರಗಳ ಬಗ್ಗೆ ರಾಜ್‌ಕುಮಾರ್ ತೀರ್ಪು ಎಚ್ಚರಿಸಿದೆ. ಅನುಮಾನ ಬಂದರೆ ನ್ಯಾಯಮಂಡಳಿ ಮೂಕಪ್ರೇಕ್ಷಕನಾಗಿ ಕೂರದೆ ಗಾಯಾಳುವನ್ನು ವೈದ್ಯಕೀಯ ಮಂಡಳಿಗೆ ಕಳಿಸಬಹುದು. ಅದೇ ತೀರ್ಪು ಇನ್ನೊಂದು ಬದಿಯನ್ನೂ ನೋಡಿದೆ: ಆಸ್ಪತ್ರೆ ಬಿಟ್ಟು ದಿನವಿಡೀ ಕೋರ್ಟಿನಲ್ಲಿ ಕಾಯಬೇಕಾದ್ದರಿಂದ ಚಿಕಿತ್ಸೆ ಕೊಟ್ಟ ವೈದ್ಯರು ಬರಲು ಒಪ್ಪುವುದಿಲ್ಲ. ಅವರಿಗೆ ನಿಗದಿತ ಸಮಯ ಕೊಡಿ, ಕಾಯಿಸಬೇಡಿ, ಬೇಕಾದರೆ ಕಮಿಷನರರನ್ನು ನೇಮಿಸಿ ಸಾಕ್ಷ್ಯ ದಾಖಲಿಸಿ ಎಂಬ ದಾರಿಗಳನ್ನು ಅದು ತೋರಿಸಿತು. ಇಷ್ಟನ್ನು ಪಾಲಿಸಿದರೆ ಅರ್ಧ ಸಮಸ್ಯೆ ಕಳೆಯುತ್ತದೆ ಎಂದೇ ನನ್ನ ನಂಬಿಕೆ.

ಧಾರಾಳ ಪ್ರಮಾಣಪತ್ರಗಳಿಗೆ ತಡೆ ಹಾಕಲು ತಜ್ಞರ ಹೊಣೆಯನ್ನೂ ಗೊತ್ತುಪಡಿಸಬಹುದು: ಇಂಗ್ಲೆಂಡಿನಲ್ಲಿ ತಜ್ಞರ ಮೊದಲ ಹೊಣೆ ಕೋರ್ಟಿಗೆ, ಹಣ ಕೊಟ್ಟವರಿಗಲ್ಲ ಎಂದು ಸಿವಿಲ್ ನಿಯಮಗಳೇ ಹೇಳುತ್ತವೆ. ಕಾರು ಡಿಕ್ಕಿ ಹೊಡೆದ ಮೋಟಾರ್‌ಸೈಕಲ್ ಸವಾರನ ಪ್ರಕರಣದಲ್ಲಿ, ಬೇಜವಾಬ್ದಾರಿಯಿಂದ ನಡೆದುಕೊಂಡ ತಜ್ಞರ ಮೇಲೆ ಅವರನ್ನು ನೇಮಿಸಿಕೊಂಡವರೇ ದಾವೆ ಹೂಡಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟು 2011ರಲ್ಲಿ ಬಹುಮತದಿಂದ ಹೇಳಿತು.

ಮೂಳೆಯ ಆಚೆಗಿನ ತಜ್ಞರು

ವಿಚಾರಣೆಗೆ ನೆರವಾಗಲು ವಿಶೇಷ ಜ್ಞಾನವುಳ್ಳವರನ್ನು ನ್ಯಾಯಮಂಡಳಿ ತಾನೇ ಆರಿಸಿಕೊಳ್ಳಬಹುದು ಎಂದು ಮೋಟಾರು ವಾಹನ ಕಾಯ್ದೆಯ 169ನೇ ಕಲಮಿನಲ್ಲಿದೆ. ಈ ಅಧಿಕಾರಕ್ಕೆ ಇನ್ನೂ ಹೆಚ್ಚು ಕೆಲಸ ಕೊಡಬೇಕು. 12ನೇ ವಯಸ್ಸಿನಲ್ಲಿ ತಲೆಗೆ ಪೆಟ್ಟು ಬಿದ್ದ ಹುಡುಗಿಯ ಸಾಮಾಜಿಕ ವಯಸ್ಸು ಒಂಬತ್ತು ತಿಂಗಳ ಮಗುವಿನದು ಎಂಬ ತಜ್ಞ ಸಾಕ್ಷ್ಯವಿದ್ದ ಪ್ರಕರಣದಲ್ಲಿ, ಅವಳಿಗೆ ಜೀವನವಿಡೀ ಇಬ್ಬರು ಆರೈಕೆಯವರು ಬೇಕೆಂದು ಸುಪ್ರೀಂ ಕೋರ್ಟು 2020ರಲ್ಲಿ ಒಪ್ಪಿ, ಅದೊಂದೇ ಬಾಬ್ತಿಗೆ 21,60,000 ರೂಪಾಯಿ ಕೊಟ್ಟಿತು. ಕೃತಕ ಕಾಲೂ ಹಾಗೆಯೇ: ಒಮ್ಮೆ ಕೊಂಡರೆ ಮುಗಿಯದು, ಕೆಲವು ವರ್ಷಕ್ಕೊಮ್ಮೆ ಬದಲಿಸಬೇಕು, ನಡುವೆ ರಿಪೇರಿ ಬೇಕು. 2022ರ ಒಂದು ತೀರ್ಪಿನಲ್ಲಿ ಮೂರು ಕೃತಕ ಕಾಲುಗಳಿಗೆಂದು 7,80,000 ರೂಪಾಯಿ, ನಿರ್ವಹಣೆಗೆಂದು 5,00,000 ರೂಪಾಯಿ ಸಿಕ್ಕಿತು. ಒಂದು ಕಾಲು ಎಷ್ಟು ವರ್ಷ ಬಾಳುತ್ತದೆ, ಬೆಲೆ ಎಷ್ಟು ಎಂಬ ವಿವರ ಕಡತದಲ್ಲಿ ಇದ್ದರೆ ಮಾತ್ರ ಇಂಥ ಲೆಕ್ಕ ಹಾಕಲು ಬರುತ್ತದೆ.